ಮನೆಯ ತಾಪನ ಬಾಯ್ಲರಿನ ನೀರಿನ ಪರೀಕ್ಷೆ

ಚಳಿ ಹೆಚ್ಚಿರುವ ದೇಶಗಳಲ್ಲಿ ಮನೆಯನ್ನು ಬೆಚ್ಚಗಿಡಲು ಬಾಯ್ಲರು, ಕೊಳವೆ ಮತ್ತು ರೇಡಿಯೇಟರುಗಳಲ್ಲಿ ಬಿಸಿನೀರನ್ನು ಹರಿಸುತ್ತಾರೆ. ಈ ನೀರಿನ ಗುಣವನ್ನು ಅಳೆದು ಲೋಹದ ಭಾಗಗಳಿಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದೇ ಈ ಪರೀಕ್ಷೆಯ ಉದ್ದೇಶ. ಗೀಸರಿನಲ್ಲಿ ನೀರು ಕಾದು ಹೊರಗೆ ಹೋಗುತ್ತದೆ. ಇಲ್ಲಿ ಅದೇ ನೀರು ವರ್ಷಗಟ್ಟಲೆ ಸುತ್ತುತ್ತಿರುವುದರಿಂದ ಸೇರಿದ ಕಲ್ಮಷ ಒಳಗೇ ಉಳಿಯುತ್ತದೆ. ಬ್ರಿಟನ್ನಿನಲ್ಲಿ ಬಿಎಸ್ 7593, ಜರ್ಮನಿಯಲ್ಲಿ ವಿಡಿಐ 2035 ಎಂಬ ಮಾನದಂಡಗಳು ಈ ಕೆಲಸಕ್ಕೆ ಆಧಾರ.

ತುಕ್ಕಿನ ಬಗೆ

15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನಲ್ಲಿ ನೀರಿನಲ್ಲಿ ಲೀಟರಿಗೆ ಸುಮಾರು 10 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. ವ್ಯವಸ್ಥೆಗೆ ನೀರು ತುಂಬಿದ ಮೇಲೆ ಉಕ್ಕಿನ ರೇಡಿಯೇಟರುಗಳು ತುಸು ತುಕ್ಕು ಹಿಡಿದು ಈ ಆಮ್ಲಜನಕವನ್ನು ಮುಗಿಸುತ್ತವೆ. ಹೊಸದಾಗಿ ಗಾಳಿ ಸೇರದಿದ್ದರೆ ತುಕ್ಕಿನ ವೇಗ ತಗ್ಗುತ್ತದೆ. ಸೋರಿಕೆಯಿಂದಾಗಿ ಪದೇ ಪದೇ ನೀರು ತುಂಬಿಸುವುದು, ಆಮ್ಲಜನಕವನ್ನು ತಡೆಯುವ ಪದರವಿಲ್ಲದ ಪ್ಲಾಸ್ಟಿಕ್ ಕೊಳವೆಗಳು, ಒತ್ತಡ ಕಾಯ್ದುಕೊಳ್ಳದ ವ್ಯವಸ್ಥೆ – ಇವೇ ಗಾಳಿ ಒಳಬರುವ ಮುಖ್ಯ ದಾರಿಗಳು.

ಆಮ್ಲಜನಕ ಕಡಿಮೆ ಇರುವಲ್ಲಿ ಕೆಂಪು ತುಕ್ಕಿನ ಬದಲು ಕಪ್ಪು ಮ್ಯಾಗ್ನಟೈಟ್ ಉಂಟಾಗಿ ಜಲಜನಕ ಅನಿಲ ಹೊರಬೀಳುತ್ತದೆ. ಈ ಕ್ರಿಯೆಗೆ ಜರ್ಮನ್ ರಸಾಯನಶಾಸ್ತ್ರಜ್ಞ ಗೆರ್‌ಹಾರ್ಟ್ ಷಿಕೋರ್ ಅವರ ಹೆಸರಿದೆ. ರೇಡಿಯೇಟರಿನ ಬುಡ ತಣ್ಣಗಿದ್ದರೆ ಅಲ್ಲಿ ಕಪ್ಪು ಕೆಸರು ಕೂತಿರುವ ಸಾಧ್ಯತೆ ಹೆಚ್ಚು. ಮೇಲ್ಭಾಗ ತಣ್ಣಗಿದ್ದರೆ ಗಾಳಿಯೋ ಜಲಜನಕವೋ ಸೇರಿರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಏಪ್ರಿಲ್‌ನಿಂದ ಹೊಸ ಗ್ಯಾಸ್ ಬಾಯ್ಲರುಗಳು ಸಾಮಾನ್ಯವಾಗಿ ಹೊಗೆಯಲ್ಲಿನ ಆವಿಯ ಶಾಖವನ್ನೂ ಬಳಸುವ ಕಂಡೆನ್ಸಿಂಗ್ ಮಾದರಿಯವೇ ಆಗಿರಬೇಕು. ಇವುಗಳ ಶಾಖ ವಿನಿಮಯಕದ ದಾರಿಗಳು ಕಿರಿದಾಗಿರುವುದರಿಂದ ಕೆಸರಿನ ಹಾನಿಯೂ ಹೆಚ್ಚು.

ಮಾದರಿ ತೆಗೆಯುವುದು

ನೀರು ಸುತ್ತುತ್ತಿದ್ದು, ಮುಟ್ಟುವಷ್ಟು ತಣಿದಿರುವಾಗ ಕೆಳಗಿನ ಡ್ರೈನ್ ಕಾಕಿನಿಂದ ಮಾದರಿ ಹಿಡಿಯುತ್ತಾರೆ. ಅಲ್ಲೇ ನಿಂತಿದ್ದ ಕೆಸರು ಲೆಕ್ಕ ತಪ್ಪಿಸದಂತೆ ಮೊದಲು ಬಂದ ನೀರನ್ನು ಚೆಲ್ಲಿ, ಶುಭ್ರವಾದ ಬಾಟಲಿಯನ್ನು ತುಂಬಿಸಬೇಕು. ಹೋಲಿಕೆಗೆಂದು ಅದೇ ಮನೆಯ ನಲ್ಲಿ ನೀರನ್ನೂ ಇನ್ನೊಂದು ಬಾಟಲಿಯಲ್ಲಿ ಹಿಡಿಯುತ್ತಾರೆ.

ಪರೀಕ್ಷೆಗಳು

ಬಣ್ಣ: ಕಪ್ಪು ನೀರು ಮ್ಯಾಗ್ನಟೈಟಿನ ಗುರುತು, ಬಾಟಲಿಗೆ ಅಯಸ್ಕಾಂತ ಹಿಡಿದರೆ ಕಣಗಳು ಆ ಬದಿಗೆ ಸರಿಯುತ್ತವೆ. ಕೆಂಪುಕಂದು ಬಣ್ಣ ಕಂಡರೆ ಆಮ್ಲಜನಕ ಈಗಲೂ ಒಳಬರುತ್ತಿದೆ ಎಂದು ಶಂಕಿಸಬೇಕು.

ಪಿಎಚ್: ವಿಡಿಐ 2035 ಪ್ರಕಾರ 8.2ರಿಂದ 10ರ ನಡುವೆ ಇರಬೇಕು. ಅಲ್ಯೂಮಿನಿಯಂ ಮಿಶ್ರಲೋಹವಿದ್ದರೆ ಮೇಲಿನ ಮಿತಿ 9. ಏಕೆಂದರೆ ಉಕ್ಕಿಗೆ ಹಿತವಾದ ಹೆಚ್ಚು ಕ್ಷಾರೀಯ ನೀರು ಅಲ್ಯೂಮಿನಿಯಮನ್ನು ಕರಗಿಸುತ್ತದೆ.

ವಾಹಕತೆ: ನೀರಿನಲ್ಲಿ ಕರಗಿದ ಲವಣ ಹೆಚ್ಚಿದಷ್ಟೂ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ, ತುಕ್ಕೂ ಚುರುಕಾಗುತ್ತದೆ. ಸೆಂಟಿಮೀಟರಿಗೆ 100 ಮೈಕ್ರೊಸೀಮೆನ್ಸ್‌ಗಿಂತ ಕಡಿಮೆ ಇದ್ದರೆ ಅದು ಅಲ್ಪ ಲವಣದ ನೀರು.

ಕ್ಲೋರೈಡ್: ಬೆಸುಗೆಯ ಫ್ಲಕ್ಸ್ ಉಳಿದಿದ್ದರೆ ಏರುತ್ತದೆ; ಲೋಹದಲ್ಲಿ ಸೂಜಿಮೊನೆಯಂಥ ತೂತುಗಳಿಗೆ ಕಾರಣವಾಗುತ್ತದೆ.

ಗಡಸುತನ: ಹೆಚ್ಚಿದ್ದರೆ ಶಾಖ ವಿನಿಮಯಕದ ಮೇಲೆ ಸುಣ್ಣದ ಪದರ ಕಟ್ಟುತ್ತದೆ.

ತುಕ್ಕುನಿರೋಧಕ: ತುಕ್ಕು ತಡೆಯಲು ನೀರಿಗೆ ಬೆರೆಸಿದ ರಾಸಾಯನಿಕ ಸಾಕಷ್ಟು ಉಳಿದಿದೆಯೇ ಎಂದು ಬಣ್ಣ ಹೋಲಿಸುವ ಕಿಟ್‌ಗಳಿಂದ ತಿಳಿಯಬಹುದು. ಹಲವು ಕಿಟ್‌ಗಳು ನಿರೋಧಕದಲ್ಲಿರುವ ಮಾಲಿಬ್ಡೇಟ್ ಪ್ರಮಾಣವನ್ನು ಅಳೆಯುತ್ತವೆ.

ಉಪಕರಣವಿಲ್ಲದೆಯೂ ಒಂದು ಸ್ಥೂಲ ಪರೀಕ್ಷೆ ಸಾಧ್ಯ. ಎರಡು ಗಾಜಿನ ಭರಣಿಗಳಲ್ಲಿ ಬಾಯ್ಲರಿನ ನೀರನ್ನೂ ನಲ್ಲಿ ನೀರನ್ನೂ ತೆಗೆದುಕೊಂಡು, ಸತುವಿನ ಲೇಪವಿಲ್ಲದ ಹೊಳೆಯುವ ಮೊಳೆಗಳನ್ನು ಹಾಕಿ ಕೆಲವು ದಿನ ಬಿಡುತ್ತಾರೆ. ನಲ್ಲಿ ನೀರಿನ ಮೊಳೆ ಕೆಂಪಾಗಿ, ಬಾಯ್ಲರು ನೀರಿನದು ಹೊಳಪು ಉಳಿಸಿಕೊಂಡರೆ ನಿರೋಧಕ ಕೆಲಸ ಮಾಡುತ್ತಿದೆ. ಎರಡೂ ಕೆಂಪಾದರೆ ರಕ್ಷಣೆ ಇಲ್ಲ.

ಪರಿಹಾರ ಮತ್ತು ಅವಧಿ

ಬಿಎಸ್ 7593ರ 2019ರ ಆವೃತ್ತಿ ಪ್ರತಿವರ್ಷ ನಿರೋಧಕದ ತಪಾಸಣೆಯನ್ನೂ, 5 ವರ್ಷಕ್ಕೊಮ್ಮೆ ಮರುಪೂರಣ ಅಥವಾ ಪ್ರಯೋಗಾಲಯ ಪರೀಕ್ಷೆಯನ್ನೂ ಹೇಳುತ್ತದೆ. ಕೆಸರು ತುಂಬಿದ ವ್ಯವಸ್ಥೆಯನ್ನು ಮೊದಲು ತೊಳೆದು, ಬಳಿಕ ನಿರೋಧಕ ಬೆರೆಸುವುದು ಕ್ರಮ. ನಿರೋಧಕದ ಪ್ರಮಾಣ ಬೇಗನೆ ಕುಸಿದರೆ ಮತ್ತಷ್ಟು ಸುರಿಯುವುದು ಪರಿಹಾರವಲ್ಲ. ಎಲ್ಲೋ ನೀರು ಸೋರಿ, ಅದರ ಜಾಗಕ್ಕೆ ಆಮ್ಲಜನಕ ತುಂಬಿದ ಹೊಸ ನೀರು ಬರುತ್ತಿರುತ್ತದೆ. ಸೋರಿಕೆಯನ್ನು ಮುಚ್ಚಿದ ಮೇಲೆಯೇ ಮರುಪೂರಣ ಮಾಡಬೇಕು.