ಖಡಕ್‌ವಾಸ್ಲಾದ ಬಾಗಿಲು

ಮಳೆಗಾಲದ ಭಾನುವಾರಗಳಂದು ಪುಣೆಯ ಕನ್ನಡಿಗರಾದ ನಾವು ಸಿಂಹಗಡದ ಹಾದಿಯಲ್ಲಿ ಖಡಕ್‌ವಾಸ್ಲಾ ಜಲಾಶಯದ ದಂಡೆಯ ಮೇಲೆ ಒಂದಿಷ್ಟು ಹೊತ್ತು ನಿಲ್ಲುವುದುಂಟು. ಸುಟ್ಟ ಜೋಳದ ತೆನೆ ಕೈಯಲ್ಲಿರುವಾಗ ನಮ್ಮಲ್ಲೊಬ್ಬರು, "ಇದು ನಮ್ಮ ವಿಶ್ವೇಶ್ವರಯ್ಯನವರ ಅಣೆಕಟ್ಟು" ಎನ್ನುತ್ತಾರೆ. ಪರನಾಡಿನಲ್ಲಿ ಇಂಥ ಮಾತು ಹಿತವೆನಿಸುತ್ತದೆ. ಆದರೆ ಅದು ಪೂರ್ತಿ ಸರಿಯಲ್ಲ. ಮುಠಾ ನದಿಗೆ ಅಡ್ಡಲಾಗಿ ಈ ಜಲಾಶಯವನ್ನು ನಿರ್ಮಿಸಿದವರು ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಎಂಜಿನಿಯರುಗಳು. ಕರ್ನಲ್ ಫೈಫ್ ಅವರ ಹೆಸರಿನಿಂದ ಅದನ್ನು ಲೇಕ್ ಫೈಫ್ ಎಂದೇ ಕರೆಯುತ್ತಿದ್ದರು. ವಿಶ್ವೇಶ್ವರಯ್ಯನವರು ಅದಕ್ಕೆ ಕೊಟ್ಟದ್ದು ಅಣೆಕಟ್ಟನ್ನಲ್ಲ, ಬಾಗಿಲನ್ನು.

ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಈ ಊರಿನ ವಿಜ್ಞಾನ ಕಾಲೇಜಿಗೆ ಬಂದ ಅವರು 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಮುಂದೆ ಲೇಕ್ ಫೈಫಿನ ಕೋಡಿ ಅವರ ಗಮನ ಸೆಳೆಯಿತು. ಪ್ರತಿ ಮಳೆಗಾಲದಲ್ಲಿಯೂ ಪ್ರವಾಹದ ನೀರು ಕೋಡಿಯ ಮೇಲೆ ಆರೆಂಟು ಅಡಿ ಎತ್ತರಕ್ಕೆ ಏರಿ ಹರಿದುಹೋಗುತ್ತಿತ್ತು. ಆ ಎತ್ತರದ ನೀರನ್ನು ತಡೆಯುವ ಶಕ್ತಿ ಅಣೆಕಟ್ಟಿಗೆ ಹೇಗೂ ಇತ್ತು. ಮಳೆ ನಿಂತ ಮೇಲೆ ಅದನ್ನು ಹಿಡಿದಿಡುವ ಉಪಾಯ ಮಾತ್ರ ಇರಲಿಲ್ಲ. ಕೋಡಿಯನ್ನು ಕಲ್ಲುಗಾರೆಯಿಂದ ಎತ್ತರಿಸಿದರೆ ಪ್ರವಾಹ ಇನ್ನೂ ಮೇಲೇರಿ ಅಣೆಕಟ್ಟಿಗೇ ಅಪಾಯ. ಸಾಮಾನ್ಯ ಬಾಗಿಲುಗಳನ್ನಿಟ್ಟರೆ, ನಡುರಾತ್ರಿ ಹೊಳೆ ಉಕ್ಕಿದಾಗ ತೆರೆಯುವವರು ಯಾರು? ನಮ್ಮ ಹಳೆಯ ಕೆರೆಗಳಿಗೆ ನೀರುಗಂಟಿಗಳಿದ್ದರು. ಇಲ್ಲಿ ಬೇಕಾಗಿದ್ದುದು ನಿದ್ದೆ ಮಾಡದ ನೀರುಗಂಟಿ.

1903ರಲ್ಲಿ ಅಂಥ ಸ್ವಯಂಚಾಲಿತ ಬಾಗಿಲುಗಳು ಇಲ್ಲಿ ಮೊದಲ ಬಾರಿಗೆ ಅಳವಡಿಕೆಯಾದವು. ವಿಶ್ವೇಶ್ವರಯ್ಯನವರು ಅದಕ್ಕೆ ಪೇಟೆಂಟನ್ನೂ ಪಡೆದರು. ತತ್ತ್ವ ಸರಳವಾದದ್ದು. ಬಾಗಿಲನ್ನು ಎತ್ತಿ ಹಿಡಿಯುವ ಪ್ರತಿಭಾರವೊಂದು ತೊಟ್ಟಿಯೊಳಗೆ ತೂಗುತ್ತಿರುತ್ತದೆ. ಜಲಾಶಯದ ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ಒಂದು ದಾರಿಯಾಗಿ ತೊಟ್ಟಿಗೆ ಇಳಿಯುತ್ತದೆ. ನೀರಿನಲ್ಲಿ ಮುಳುಗಿದ ಭಾರ ಹಗುರವಾಗುತ್ತದೆ. ಸಮತೋಲ ತಪ್ಪಿ ಬಾಗಿಲು ಕೆಳಗಿಳಿದು ನೀರಿಗೆ ದಾರಿ ಬಿಡುತ್ತದೆ. ಮಟ್ಟ ತಗ್ಗಿದಾಗ ತೊಟ್ಟಿಗೆ ನೀರು ಬರುವುದು ನಿಲ್ಲುತ್ತದೆ, ಒಳಗಿದ್ದುದು ಸೋರಿಹೋಗುತ್ತದೆ, ಭಾರ ತನ್ನ ತೂಕವನ್ನು ಮರಳಿ ಪಡೆದು ಬಾಗಿಲನ್ನು ಎತ್ತಿ ಮುಚ್ಚುತ್ತದೆ. ಅಣೆಕಟ್ಟಿನ ಎತ್ತರವನ್ನು ಹೆಚ್ಚಿಸದೆಯೇ ನೀರಿನ ಸಂಗ್ರಹ ಸುಮಾರು ನಾಲ್ಕನೆಯ ಒಂದು ಭಾಗದಷ್ಟು ಹೆಚ್ಚಿತು. ಮುಂದೆ ಗ್ವಾಲಿಯರಿನ ತಿಗ್ರಾದಲ್ಲಿಯೂ ನಮ್ಮ ಕೃಷ್ಣರಾಜಸಾಗರದಲ್ಲಿಯೂ ಈ ಬಗೆಯ ಬಾಗಿಲುಗಳು ಬಂದವು.

ಇಂದು ಇದೇ ನಗರದ ಕಚೇರಿ, ಆಸ್ಪತ್ರೆಗಳ ಹವಾನಿಯಂತ್ರಣ ವ್ಯವಸ್ಥೆಯಲ್ಲಿ ತಣ್ಣೀರಿನ ಕೊಳವೆಗೆ ಕೂಡಿಸಿದ ವಾಲ್ವು ಮಾಡುವುದೂ ಇದನ್ನೇ. ಅಲ್ಲಿ ನೀರಿನ ಮಟ್ಟಕ್ಕೆ ಬದಲಾಗಿ ಕೋಣೆಯ ಉಷ್ಣತೆ, ಪ್ರತಿಭಾರಕ್ಕೆ ಬದಲಾಗಿ ಪುಟ್ಟ ಮೋಟಾರು. ಅಳೆಯುವುದು ಒಂದು, ಬಲ ಒದಗಿಸುವುದು ಇನ್ನೊಂದು, ದಾರಿ ಬಿಡುವುದು ಮತ್ತೊಂದು. ಆದ್ದರಿಂದ ದೋಷವನ್ನು ಹುಡುಕುವ ಕ್ರಮವೂ ಒಂದೇ: ಸೂಚನೆ ತಲುಪಿತೇ? ಬಲ ಅದಕ್ಕೆ ಓಗೊಟ್ಟಿತೇ? ದಾರಿ ತೆರವಾಗಿದೆಯೇ? ಕೋಣೆ ತಂಪಾಗದಿದ್ದರೆ ಗೋಡೆಯ ಮೇಲಿನ ಥರ್ಮೋಸ್ಟ್ಯಾಟನ್ನು ಬದಲಾಯಿಸುವ ಆತುರ ನಮಗೆ; ಎಷ್ಟೋ ಸಲ ತಪ್ಪಿರುವುದು ಕಸ ಕಟ್ಟಿದ ಜಾಲರಿಯಲ್ಲಿ ಅಥವಾ ಬಿಗಿದುಕೊಂಡ ವಾಲ್ವಿನ ದಂಡದಲ್ಲಿ. ಖಡಕ್‌ವಾಸ್ಲಾದ ಬಾಗಿಲನ್ನು ಇದೇ ಪ್ರಶ್ನೆಗಳಿಂದ ನೋಡೋಣ. ತೊಟ್ಟಿಗೆ ನೀರು ಬರುವ ದಾರಿ ಕಟ್ಟಿಕೊಂಡರೆ ಪ್ರವಾಹ ಬಂದರೂ ಬಾಗಿಲು ತೆರೆಯದು. ನೀರು ಸೋರುವ ರಂಧ್ರ ಕಟ್ಟಿಕೊಂಡರೆ ತೆರೆದ ಬಾಗಿಲು ಮುಚ್ಚದು. ಬೇಸಗೆಗೆಂದು ಕೂಡಿಟ್ಟ ನೀರು ಹರಿದುಹೋಗುತ್ತದೆ. ಗಾಲಿಗೆ ತುಕ್ಕು ಹಿಡಿದರೆ ಎರಡೂ ಇಲ್ಲ. ನಿದ್ದೆ ಮಾಡದ ನೀರುಗಂಟಿಯನ್ನೂ ಕಾಯಲು ಎಚ್ಚರವಿರುವ ಮನುಷ್ಯ ಬೇಕು.

ಈ ಮಾತಿನ ಬೆಲೆ ಪುಣೆಗೆ ತಿಳಿದದ್ದು 1961ರ ಜುಲೈ 12ರಂದು. ಖಡಕ್‌ವಾಸ್ಲಾಕ್ಕೆ ಮೇಲ್ಭಾಗದಲ್ಲಿ ಹೊಸದಾಗಿ ಕಟ್ಟುತ್ತಿದ್ದ ಪಾನ್‌ಶೇತ್‌ನ ಮಣ್ಣಿನ ಅಣೆಕಟ್ಟಿನಲ್ಲಿ, ನೀರು ಹೊರಬಿಡುವ ಮಾರ್ಗದ ಬಾಗಿಲುಗಳ ಕೆಲಸ ಮುಗಿಯುವ ಮುನ್ನವೇ ಮಳೆಗಾಲ ಬಂದಿತ್ತು. ಅದು ಒಡೆಯಿತು; ಆ ನೀರಿನ ಹೊಡೆತಕ್ಕೆ ಖಡಕ್‌ವಾಸ್ಲಾವೂ ಒಡೆಯಿತು. ಶನಿವಾರ ಪೇಟೆ, ನಾರಾಯಣ ಪೇಟೆಗಳ ಮನೆಗಳು ಮುಳುಗಿದವು. ಅನೇಕರು ಪ್ರಾಣ ಕಳೆದುಕೊಂಡರು. ಮಳೆಯ ಪ್ರವಾಹವನ್ನು ಅಳೆದು ರೂಪಿಸಿದ ಬಾಗಿಲು, ಒಡೆದ ಅಣೆಕಟ್ಟಿನ ನೀರಿಗೆ ಏನು ಮಾಡೀತು? ತಾನು ಕಾಣಬಲ್ಲುದನ್ನಷ್ಟೇ ಯಂತ್ರ ಕಾಯುತ್ತದೆ. ಆ ದಿನ ವಿಶ್ವೇಶ್ವರಯ್ಯನವರು ಇನ್ನೂ ಬದುಕಿದ್ದರು, ನೂರರ ವಯಸ್ಸಿನಲ್ಲಿ. ಅವರು ತೀರಿಕೊಂಡದ್ದು ಮರುವರ್ಷದ ಏಪ್ರಿಲ್‌ನಲ್ಲಿ.

ಅಣೆಕಟ್ಟನ್ನು ಮತ್ತೆ ಕಟ್ಟಲಾಯಿತು. ನಮ್ಮ ಹೆಮ್ಮೆ ಹೆಸರಿಗಷ್ಟೇ ನಿಂತರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಮುಂದಿನ ಸಲ ಆ ದಂಡೆಯ ಮೇಲೆ ನಿಂತಾಗ ಜೊತೆಗಿರುವ ಮಕ್ಕಳಿಗೆ ತೊಟ್ಟಿ, ಭಾರ, ಸೋರುವ ರಂಧ್ರಗಳ ಕಥೆಯನ್ನು ಹೇಳೋಣ. ಆ ರಂಧ್ರವನ್ನು ಆಗಾಗ ನೋಡುತ್ತಿರಬೇಕೆಂಬುದನ್ನೂ ಹೇಳೋಣ.