ಡೇಟೋನಾ ಕಾರುಗಳ ಅಸಲಿತನ ಪರೀಕ್ಷೆ

ಇಟಲಿಯ ಫೆರಾರಿ 1968ರಿಂದ 1973ರವರೆಗೆ ತಯಾರಿಸಿದ, ‘ಡೇಟೋನಾ’ ಎಂದೇ ಹೆಸರಾದ 365 ಜಿಟಿಬಿ/4 ಕಾರನ್ನು ಕೊಳ್ಳುವ ಮುನ್ನ ಅದರ ಭಾಗಗಳು ಮೂಲದವೇ ಎಂದು ತೀರ್ಮಾನಿಸುವ ಕ್ರಮ. ವಿನ್ಯಾಸ ಪಿನಿನ್‌ಫರಿನಾ ಸಂಸ್ಥೆಯದು, ಬಾಡಿ ಕಟ್ಟಿದ್ದು ಮೊಡೆನಾದ ಸ್ಕಾಲ್ಯೆಟ್ಟಿ.

ಮೊದಲು ನೋಡುವುದು ಚಾಸಿ ಮತ್ತು 4.4 ಲೀಟರ್ ವಿ12 ಎಂಜಿನ್‌ನ ಸಂಖ್ಯೆಗಳನ್ನು. ಎರಡೂ ಒಂದೇ ಆಗಿರಬೇಕು. ಎಂಜಿನ್, ಗೇರ್‌ಬಾಕ್ಸ್‌ಗಳ ಮೇಲೆ ಕಾರ್ಖಾನೆಯ ಆಂತರಿಕ ಸಂಖ್ಯೆಗಳೂ ಇರುತ್ತವೆ. ಸಂಖ್ಯೆ ಹೊಂದಿದ ಮಾತ್ರಕ್ಕೆ ನಂಬುವಂತಿಲ್ಲ. ಹಳೆಯದನ್ನು ಉಜ್ಜಿ ಹೊಸದನ್ನು ಒತ್ತಿದ್ದರೆ ಅಂಕಿಗಳ ಸಾಲು ಓರೆಯಾಗಿರಬಹುದು, ಸುತ್ತಲಿನ ಲೋಹ ತಗ್ಗಿರಬಹುದು. ಬಾನೆಟ್, ಡಿಕ್ಕಿ ಮುಚ್ಚಳ ಅಲ್ಯುಮಿನಿಯಮ್‌ನವು. ಅಲ್ಲಿ ಅಯಸ್ಕಾಂತ ಅಂಟಿದರೆ ಬದಲಾಯಿಸಿದ್ದಾರೆಂದೇ ಲೆಕ್ಕ. ಮೊದಲ ಕಾರುಗಳ ಹೆಡ್‌ಲೈಟುಗಳು ಪಾರದರ್ಶಕ ಹೊದಿಕೆಯ ಹಿಂದಿದ್ದವು, 1971ರಿಂದ ಮೇಲೇಳುವ ದೀಪಗಳು ಬಂದವು. ಹಾಗಾಗಿ ದೀಪಕ್ಕೂ ತಯಾರಿಕೆಯ ವರ್ಷಕ್ಕೂ ತಾಳೆಯಾಗಬೇಕು.

ನಿಜವಾದ ಗೊಂದಲ ತೆರೆದ ಮಾದರಿಯದು. ಕಾರ್ಖಾನೆ ತಯಾರಿಸಿದ 365 ಜಿಟಿಎಸ್/4 ಸ್ಪೈಡರ್‌ಗಳು ಸುಮಾರು 120 ಮಾತ್ರ, ಕೂಪೆಗಳು 1,200ಕ್ಕೂ ಹೆಚ್ಚು. ಸ್ಪೈಡರ್‌ಗೆ ಬೆಲೆ ಎಷ್ಟೋ ಪಾಲು ಹೆಚ್ಚಾದ್ದರಿಂದ ಹಲವರು ಕೂಪೆಯ ಮೇಲ್ಛಾವಣಿಯನ್ನೇ ಕತ್ತರಿಸಿಬಿಟ್ಟರು. ಕೆಲಸ ಅಚ್ಚುಕಟ್ಟಾಗಿದ್ದರೆ ಹೊರನೋಟಕ್ಕೆ ಗೊತ್ತಾಗುವುದಿಲ್ಲ. ಚಾಸಿ ಸಂಖ್ಯೆಯನ್ನು ಹಿಡಿದು ಕಾರ್ಖಾನೆಯ ದಾಖಲೆ ನೋಡಿದರೆ ಕೂಪೆಯಾಗಿ ಹುಟ್ಟಿದ್ದು ಬಯಲಾಗುತ್ತದೆ.

ಬಣ್ಣ ಮತ್ತೆ ಹೊಡೆಸಿದ್ದು ದೊಡ್ಡ ದೋಷವಲ್ಲ. ಮೂಲ ಬಣ್ಣ ಬಿಟ್ಟು ಕೆಂಪು ಬಳಿಸಿದ್ದರೆ ಮಾತ್ರ ಸಂಗ್ರಾಹಕರು ಮುಖ ಸಿಂಡರಿಸುತ್ತಾರೆ. ಫೆರಾರಿಯ ‘ಕ್ಲಾಸಿಕೆ’ ವಿಭಾಗ ತನ್ನ ದಾಖಲೆಗಳೊಂದಿಗೆ ಹೋಲಿಸಿ ಪ್ರಮಾಣಪತ್ರ ಕೊಡುತ್ತದೆ. ಕಾರ್ಖಾನೆಯ ಒಪ್ಪಿಗೆಯೊಂದಿಗೆ ಹೊಸದಾಗಿ ಎರಕ ಹೊಯ್ದ ಎಂಜಿನ್‌ಗೂ ಅದು ಸಿಗಬಹುದಾದ್ದರಿಂದ ಪ್ರಮಾಣಪತ್ರದ ವಿವರಗಳನ್ನು ಪೂರ್ತಿ ಓದಬೇಕಾಗುತ್ತದೆ.