ಅಂಗೈಯಗಲದ ಗಣಕಯಂತ್ರಕ್ಕೆ ಕನ್ನಡ ತುಂಬಿದ ಕಥೆ



ಕಳೆದ ಬೇಸಿಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಹಂಪಾಪುರದ ನಮ್ಮ ಮನೆಗೆ ಬಂದಿದ್ದನು. ಈಗ ಅವನು ಬೆಂಗಳೂರಿನಲ್ಲಿ ಇಂಜಿನಿಯರು. ಚೀಲದಿಂದ ಅಂಗೈಯಗಲದ ಹಸಿರು ಬೋರ್ಡೊಂದನ್ನು ತೆಗೆದು, “ಮೇಷ್ಟ್ರೇ, ಇದು ಪೂರ್ತಿ ಕಂಪ್ಯೂಟರು. ರಾಸ್ಪ್‌ಬೆರಿ ಪೈ ಎನ್ನುತ್ತಾರೆ. ನಮ್ಮ ಶಾಲೆಗೆ ಕೊಡೋಣವೆಂದು ತಂದೆ” ಎಂದನು. ಟಿ.ವಿ.ಗೆ ಜೋಡಿಸಿದೆವು. ಕನ್ನಡ ಮೂಡಬೇಕಾದಲ್ಲಿ ಸಾಲುಸಾಲಾಗಿ ಖಾಲಿ ಚೌಕಗಳು ಕಾಣಿಸಿದವು. ಅವನು ನಾಚಿಕೊಂಡು, “ಇಮೇಜ್ ಆದಷ್ಟು ಚಿಕ್ಕದಾಗಲೆಂದು ಮಾಡಿದೆ ಮೇಷ್ಟ್ರೇ. ಕನ್ನಡದ ಫಾಂಟ್ ಹಾಕುವುದನ್ನೇ ಮರೆತೆ” ಎಂದನು.

ಆ ಚೌಕಗಳನ್ನು ಕಂಡು ನನಗೆ 2001ನೆಯ ಇಸವಿ ನೆನಪಾಯಿತು. ಆಗ ನಾನಿದ್ದ ಶಾಲೆಗೆ ಮೊದಲ ಕಂಪ್ಯೂಟರ್ ಬಂದಿತ್ತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು, “ಸಾರ್, ಇದಕ್ಕೆ ಕನ್ನಡ ಓದಲು ಬರುತ್ತದೆಯೇ?” ಎಂದು ಕೇಳಿದಳು. “ಇಲ್ಲಮ್ಮ, ಇದನ್ನು ಕಲಿಯಬೇಕಾದರೆ ಮೊದಲು ಇಂಗ್ಲಿಷ್ ಕಲಿಯಬೇಕು” ಎಂದೆ. ಆಕೆ ಮತ್ತೆ ಆ ಕೊಠಡಿಯ ಕಡೆಗೆ ಹೆಚ್ಚು ಬರಲಿಲ್ಲ.

ನನ್ನ ಉತ್ತರ ಎಷ್ಟು ತಪ್ಪಾಗಿತ್ತೆಂಬುದು ತಿಳಿದದ್ದು ಬಹಳ ತಡವಾಗಿ. ಅದೇ 2001ರ ಏಪ್ರಿಲ್ ತಿಂಗಳಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ, ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳಬಲ್ಲ ಗಣಕಯಂತ್ರವೊಂದು ಲೋಕದ ಮುಂದೆ ಬಂದಿತ್ತು. ಅದರ ಹೆಸರು ಸಿಂಪ್ಯೂಟರ್.

ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್ಕೋರ್ ಸಾಫ್ಟ್‌ವೇರ್ ಕಂಪನಿಯವರೊಡನೆ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಸ್ಥಾಪಿಸಿದರು. ಸುಮಾರು 9,000 ರೂಪಾಯಿಗೆ, ಕೈಯಲ್ಲಿ ಹಿಡಿಯಬಲ್ಲ, ಓದುಬರಹ ಬಾರದವರೂ ಬಳಸಬಲ್ಲ ಯಂತ್ರವನ್ನು ಮಾಡಬೇಕೆಂಬುದು ಅವರ ಸಂಕಲ್ಪ. ಒಂದು ಮನೆಗೆ ಒಂದು ಯಂತ್ರ ದುಬಾರಿಯಾದರೆ ಇಡೀ ಹಳ್ಳಿಗೆ ಒಂದಿರಲಿ, ಒಬ್ಬೊಬ್ಬರೂ ತಮ್ಮ ಮಾಹಿತಿಯನ್ನು ತಮ್ಮದೇ ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಳ್ಳಲಿ ಎಂದು ಯೋಚಿಸಿದರು. ಪಠ್ಯವನ್ನು ಧ್ವನಿಯಾಗಿ ಮಾರ್ಪಡಿಸುವ ‘ಧ್ವನಿ’ ತಂತ್ರಾಂಶವನ್ನು ರಮೇಶ್ ಹರಿಹರನ್ ಅವರು ಸಿದ್ಧಪಡಿಸಿದರು.

ಇಂತಹ ಪುಟ್ಟ ಯಂತ್ರಕ್ಕೆ ಬೇಕಾದ ಆಪರೇಟಿಂಗ್ ಸಿಸ್ಟಂ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತಿರಲಿಲ್ಲ. ಸಿಂಪ್ಯೂಟರಿನ ಪ್ರೊಸೆಸರ್ 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್. ಅದರ ಸ್ಮೃತಿಯೋ ಕೆಲವು ಹತ್ತು ಎಂಬಿಗಳು ಮಾತ್ರ. ಆದುದರಿಂದ ಅವರು ಲಿನಕ್ಸನ್ನು ಆರಿಸಿಕೊಂಡರು. ಅದಕ್ಕೆ ಪ್ರತಿಯೊಂದಕ್ಕೂ ಶುಲ್ಕ ತೆರಬೇಕಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಳಗಿನದನ್ನು ಬಿಚ್ಚಿ ಬೇಕಾದ್ದನ್ನು ಉಳಿಸಿ ಬೇಡದ್ದನ್ನು ತೆಗೆಯುವ ಸ್ವಾತಂತ್ರ್ಯವಿದೆ.

ನನ್ನ ವಿದ್ಯಾರ್ಥಿಯು ಈ ಕೆಲಸವನ್ನು ಹೀಗೆ ವಿವರಿಸಿದನು. ದೊಡ್ಡ ಕಂಪ್ಯೂಟರೊಂದರಲ್ಲಿ ಕುಳಿತು, ಚಿಕ್ಕ ಯಂತ್ರಕ್ಕೆ ಒಗ್ಗುವಂತೆ ಕರ್ನೆಲ್ ಎಂಬ ತಿರುಳನ್ನು ಸಿದ್ಧಪಡಿಸಬೇಕು. ಅದರ ಮೇಲೆ ಅಗತ್ಯವಾದ ತಂತ್ರಾಂಶ, ಫಾಂಟು, ಕೀಲಿಮಣೆ ವಿನ್ಯಾಸಗಳನ್ನು ಒಂದೊಂದಾಗಿ ಜೋಡಿಸಬೇಕು. ಕಡೆಗೆ ಎಲ್ಲವನ್ನೂ ಒಂದೇ ಕಡತವಾಗಿ ಕಟ್ಟಬೇಕು. ಆ ಕಡತವೇ ‘ಇಮೇಜ್’. ಅದನ್ನು ಕಾರ್ಡಿಗೆ ಇದ್ದದ್ದಿದ್ದಂತೆ ಇಳಿಸಿದರೆ ಯಂತ್ರ ಎದ್ದು ನಿಲ್ಲುತ್ತದೆ. ನಲವತ್ತು ಕಾರ್ಡಿಗೆ ಇಳಿಸಿದರೆ ನಲವತ್ತು ಯಂತ್ರಗಳೂ ಒಂದೇ ತೆರನಾಗಿ ನಡೆಯುತ್ತವೆ. ವರ್ಗಾವಣೆಯಾದಾಗಲೆಲ್ಲ ಒಂದೇ ಟ್ರಂಕಿನಲ್ಲಿ ಸಂಸಾರ ಕಟ್ಟುತ್ತಿದ್ದ ನನಗೆ ಇದು ಕೂಡಲೇ ಅರ್ಥವಾಯಿತು. ಟ್ರಂಕು ಚಿಕ್ಕದಾದಷ್ಟೂ, ಏನನ್ನು ಬಿಡುತ್ತೇವೆಂಬುದೇ ದೊಡ್ಡ ಪ್ರಶ್ನೆ.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದಲ್ಲಿ ‘ಅಮಿಡಾ’ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಿತು. ಆದರೆ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನುಗಳು ಅಗ್ಗವಾಗಿ ಹಳ್ಳಿಹಳ್ಳಿಗೂ ಬಂದವು. ಸಿಂಪ್ಯೂಟರ್ ಜನರ ಕೈ ಸೇರದೆ ಮರೆಯಾಯಿತು.

ಯಂತ್ರ ಮರೆಯಾದರೂ ಅದರ ಹಿಂದಿನ ವಿಚಾರ ಮರೆಯಾಗಲಿಲ್ಲ. 2012ರ ಫೆಬ್ರವರಿ 29ರಂದು ಬ್ರಿಟನ್ನಿನಲ್ಲಿ 35 ಡಾಲರ್ ಬೆಲೆಯ ರಾಸ್ಪ್‌ಬೆರಿ ಪೈ ಮಾರಾಟಕ್ಕೆ ಬಂದಿತು. ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲೆಂದು ಮಾಡಿದ ಬೋರ್ಡು ಅದು. ಸಿಂಪ್ಯೂಟರಿನ ಕಾಲದಲ್ಲಿ ಪ್ರಾಧ್ಯಾಪಕರ ತಂಡವೇ ಮಾಡಬೇಕಾಗಿದ್ದ ಕೆಲಸವನ್ನು ಇಂದು ಪೈ-ಜೆನ್, ಬಿಲ್ಡ್‌ರೂಟ್‌ನಂತಹ ಉಪಕರಣಗಳಿಂದ ಕಾಲೇಜು ಹುಡುಗರೂ ಮಾಡಬಲ್ಲರು.

ಹಾಗಿದ್ದೂ ಚೌಕಗಳು ಬಂದವಲ್ಲ! ಕನ್ನಡಕ್ಕೆ 1991ರಲ್ಲಿಯೇ ಯೂನಿಕೋಡಿನಲ್ಲಿ ಸ್ಥಾನ ದೊರೆತಿದೆ. ‘ಗುಬ್ಬಿ’, ‘ನವಿಲು’ ಎಂಬ ಮುದ್ದಾದ ಹೆಸರಿನ ಉಚಿತ ಫಾಂಟುಗಳಿವೆ. ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ತಂತ್ರಾಂಶವೂ ಇದೆ. ಇಮೇಜ್ ಕಟ್ಟುವವನು ನೆನಪಿಟ್ಟುಕೊಂಡು ಹಾಕಬೇಕು, ಅಷ್ಟೆ. ಇಂಗ್ಲಿಷ್ ತಾನಾಗಿ ಬರುತ್ತದೆ. ಕನ್ನಡವನ್ನು ನಾವು ತರಬೇಕು.

ವಿದ್ಯಾರ್ಥಿಯು ಅಂದು ರಾತ್ರಿ ನಮ್ಮ ಜಗಲಿಯಲ್ಲಿಯೇ ಕುಳಿತು ಇಮೇಜನ್ನು ಹೊಸದಾಗಿ ಕಟ್ಟಿದನು. ಫಾಂಟುಗಳನ್ನೂ, ಇಂಟರ್ನೆಟ್ ಇಲ್ಲದೆ ಓದಬಹುದಾದ ಕನ್ನಡ ವಿಕಿಪೀಡಿಯವನ್ನೂ ಸೇರಿಸಿದನು. ನಮ್ಮ ಕಡೆ ಕರೆಂಟು ಹೇಳದೆ ಕೇಳದೆ ಹೋಗುವುದರಿಂದ, ಬರೆಯುತ್ತಿರುವಾಗ ವಿದ್ಯುತ್ ನಿಂತು ಕಾರ್ಡು ಕೆಡದಿರಲೆಂದು, ಅದನ್ನು ಓದಲು ಮಾತ್ರ ಬರುವಂತೆ ಮಾಡಿದನು. ಬೆಳಿಗ್ಗೆ ಪರದೆಯ ಮೇಲೆ ‘ವಿದ್ಯಾರ್ಥಿ’ ಎಂಬ ಪದ ಒತ್ತು, ಅರ್ಕಾವತ್ತುಗಳ ಸಮೇತ ಸ್ಪಷ್ಟವಾಗಿ ಮೂಡಿತು.

ಅಂದು ಪ್ರಶ್ನೆ ಕೇಳಿದ ಆ ಹುಡುಗಿ ಈಗ ಎಲ್ಲಿರುವಳೋ ತಿಳಿಯದು. ಇದನ್ನು ಓದುತ್ತಿದ್ದರೆ ಒಂದು ಮಾತು: ಅಮ್ಮಾ, ನಿನ್ನ ಪ್ರಶ್ನೆ ಸರಿಯಾಗಿತ್ತು, ನನ್ನ ಉತ್ತರ ತಪ್ಪಾಗಿತ್ತು. ನಿನ್ನ ಮಕ್ಕಳು ಹಾಗೆ ಕೇಳಿದರೆ, “ಬರುತ್ತದೆ, ನಾವು ಹೇಳಿಕೊಟ್ಟರೆ” ಎಂದು ಹೇಳು.